ಮೂರನೇ ನಂಬರಿನ ಮಂಚ

"ಟೀಚರೇ, ನೀವು ಕನ್ನಡ ಕಲಿಸಿದವರಲ್ವಾ? ಒಂದೆಂಟು ಪುಟ ಬರೆದುಕೊಡಿ" ಅಂದರು ಅಧ್ಯಕ್ಷರು. ಅದೇ ಹೊತ್ತಿಗೆ ಚಹಾ, ಗೋಳಿಬಜೆ ಬಂತು. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಹಾಗೆ ನಮ್ಮ ಒಕ್ಕೂಟದ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಒಕ್ಕೂಟ ಅಂದರೆ ಏನು ಅಂತ ಮೊದಲು ಹೇಳಬೇಕು. ಕಾಸರಗೋಡಿನ ಉತ್ತರ ಭಾಗದಲ್ಲಿ, ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗೆ, ವಯಸ್ಸಾದವರಿಗಾಗಿ ಕೆಲಸ ಮಾಡುವ 11 ಸಂಸ್ಥೆಗಳು ಸೇರಿ ಮಾಡಿಕೊಂಡದ್ದು ಇದು. ಎರಡು ವೃದ್ಧಾಶ್ರಮ, ಒಂದು ಹಗಲು ಮನೆ (ಮಲಯಾಳದಲ್ಲಿ ಪಗಲ್‌ವೀಡು), ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ಆರೈಕೆ ಮಾಡುವ ನಾಲ್ಕಾರು ಪಾಲಿಯೇಟಿವ್ ಘಟಕಗಳು, ಹಾಸಿಗೆ ಹಿಡಿದವರಿಗೆ ಸಾಮಾನು ಕೊಡುವ ಒಂದು ಮಸೀದಿ ಕಮಿಟಿ, ಮಧ್ಯಾಹ್ನ ಬುತ್ತಿ ಕಳಿಸುವ ಒಂದು ದೇವಸ್ಥಾನದ ಟ್ರಸ್ಟ್, ಪೆನ್ಶನ್ ಪಡೆಯುವವರ ಒಂದು ಕೂಟ. ಒಕ್ಕೂಟ ತಾನೇ ಯಾರಿಗೂ ಊಟ ಹಾಕುವುದಿಲ್ಲ. ಔಷಧ ಕೊಡುವುದಿಲ್ಲ. ಕೊಡುವವರನ್ನು ತಿಂಗಳಿಗೊಮ್ಮೆ ಒಂದೇ ಬೆಂಚಿನಲ್ಲಿ ಕೂರಿಸುತ್ತದೆ. ಇದು ಯಾತಕ್ಕೆ ಬೇಕು ಅಂತ ನನ್ನ ಮಗನಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅವನಿಗೆ ಅರ್ಥವಾಗಿಲ್ಲ.

ಅಧ್ಯಕ್ಷರಿಗೆ ಅವಸರ ಇತ್ತು. ಅದು 2024. ಒಕ್ಕೂಟ 1999ರಲ್ಲಿ ಹುಟ್ಟಿದ್ದು, ಹಾಗಾಗಿ ಇದು ಬೆಳ್ಳಿಹಬ್ಬದ ವರ್ಷ ಅಂತ ಅವರ ಲೆಕ್ಕ. ಬೆಳ್ಳಿಹಬ್ಬ ಅಂದರೆ ಸ್ಮರಣ ಸಂಚಿಕೆ, ಸಂಚಿಕೆ ಅಂದರೆ ಜಾಹೀರಾತು, ಜಾಹೀರಾತು ಅಂದರೆ ಒಂದು ಹೊಸ ಗಾಡಿಗೆ ಮುಂಗಡ. ಲೆಕ್ಕ ತಪ್ಪೇನೂ ಅಲ್ಲ. ವರ್ಷ ಮಾತ್ರ ತಪ್ಪು. ಅದು ನನಗೆ ಗೊತ್ತಾದದ್ದು ಆಮೇಲೆ.

ನಮಗೆ ಪಂಚಾಯತಿನವರು ಕೊಟ್ಟ ಒಂದು ಕೋಣೆ ಇದೆ. ಅದರಲ್ಲೊಂದು ಕಬ್ಬಿಣದ ಕಪಾಟು. ಬೀಗ ಇದೆ, ಕೀ ಇಲ್ಲ, ಆದರೆ ಒದ್ದರೆ ತೆರೆಯುತ್ತದೆ. ಒಳಗೆ ಐದು ಮಿನಿಟ್ಸ್ ಪುಸ್ತಕ, ಹಳೆ ರಸೀದಿ ಪುಸ್ತಕಗಳ ಕಟ್ಟು, ಅವಧಿ ಮುಗಿದ ಮುಲಾಮಿನ ಟ್ಯೂಬುಗಳು, ಒಂದು ಜೊತೆ ಊರುಗೋಲು, ಮತ್ತೆ ಯಾತರದ್ದೋ ಒಂದು ಕಬ್ಬಿಣದ ಹ್ಯಾಂಡಲ್, Z ಆಕಾರದ್ದು. ಹ್ಯಾಂಡಲನ್ನು ಬದಿಗಿಟ್ಟೆ. ಪುಸ್ತಕಗಳನ್ನು ಚೀಲಕ್ಕೆ ಹಾಕಿ ಮನೆಗೆ ತಂದೆ. ಮೊದಲನೆಯದರ ಮೂಲೆಯನ್ನು ಗೆದ್ದಲು ತಿಂದಿತ್ತು. ಬಿಸಿಲಿಗೆ ಇಟ್ಟು, ತಟ್ಟಿ, ಓದಲು ಕೂತೆ.

ಮೊದಲ ನಲ್ವತ್ತು ಪುಟ ಕನ್ನಡ. ಅಕ್ಷರ ಮುತ್ತಿನ ಹಾಗೆ. ಆಮೇಲೆ ಕಾರ್ಯದರ್ಶಿ ಬದಲಾಗಿದ್ದಾರೆ, ಭಾಷೆಯೂ ಬದಲಾಗಿದೆ. ಒಂದೂವರೆ ಪುಸ್ತಕ ಪೂರ್ತಿ ಮಲಯಾಳ. ಮತ್ತೆ ಕನ್ನಡ. ಮತ್ತೊಂದು ಕಡೆ ತೀರ್ಮಾನ ಮಲಯಾಳದಲ್ಲಿ, ತಕರಾರು ಕನ್ನಡದಲ್ಲಿ. ನನ್ನ ಮಲಯಾಳ ಬಸ್ಸಿನ ಬೋರ್ಡ್ ಓದುವಷ್ಟರದ್ದು. ಮಾತು ಬರುತ್ತದೆ, ಅಕ್ಷರ ಎಡವುತ್ತದೆ. ಪಕ್ಕದ ಮನೆಯ ಹುಡುಗಿ ಪ್ಲಸ್ ಟೂ ಓದುತ್ತಿದ್ದಾಳೆ. ಸಂಜೆ ಅವಳು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು. ಹೀಗೆ ಹದಿನೆಂಟು ಸಂಜೆ. ನೋಟೀಸಿನಲ್ಲಿ ಯಾರ ಹೆಸರು ಮೊದಲು ಬರಬೇಕು ಅಂತ ಎರಡು ಗಂಟೆ ಚರ್ಚೆ ನಡೆದ ದಿನದ ವರದಿ ಬಂದಾಗ ಅವಳಿಗೆ ನಗು ತಡೆಯಲಿಲ್ಲ. "ಟೀಚರೇ, ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪ್ ಇದಕ್ಕಿಂತ ಎಷ್ಟೋ ವಾಸಿ" ಅಂದಳು.

ಐದೂ ಪುಸ್ತಕ ಮುಗಿದಾಗ ನನಗೆ ಒಂದು ವಿಷಯ ಹೊಳೆಯಿತು. ಸನ್ಮಾನ ಮಾಡಿದ ವರ್ಷಗಳ ಮಿನಿಟ್ಸ್ ಉದ್ದುದ್ದ. ಶಾಲು ಎಷ್ಟು, ಹಾರ ಎಷ್ಟು, ವೇದಿಕೆಯಲ್ಲಿ ಯಾರ ಪಕ್ಕ ಯಾರು. ಕೆಲಸ ಮಾಡಿದ ವರ್ಷಗಳ ಮಿನಿಟ್ಸ್ ನಾಲ್ಕೇ ಸಾಲು. "ಮಂಚ 3 ಬೆಳ್ಳೂರಿಗೆ. ಹ್ಯಾಂಡಲ್ ಇಲ್ಲ." ಮುಂದಿನ ತಿಂಗಳು: "ಮಂಚ 3ರ ಹ್ಯಾಂಡಲ್ ಸಿಕ್ಕಿಲ್ಲ." ಅದರ ಮುಂದಿನ ತಿಂಗಳೂ ಅದೇ. ಈ ಮಂಚ ಎಂಥದ್ದು, ಅದರ ಹ್ಯಾಂಡಲಿಗೆ ಇಷ್ಟು ಮಹತ್ವ ಯಾಕೆ? ಪುಸ್ತಕದಲ್ಲಿ ಎಲ್ಲೂ ಇಲ್ಲ. ಬರೆದವರಿಗೆ ಅದು ಗೊತ್ತೇ ಇತ್ತಲ್ಲ.

ಹಾಗಾಗಿ ಮೊದಲ ಅಧ್ಯಕ್ಷರನ್ನು ಹುಡುಕಿಕೊಂಡು ನೀರ್ಚಾಲಿಗೆ ಹೋದೆ. ಅವರೂ ಮಾಸ್ಟ್ರೇ. ಈಗ 84 ವರ್ಷ. ಕಿವಿ ಪೂರ್ತಿ ಮಂದ. ನಾನು ಕೇಳಿದ್ದನ್ನು ಅವರ ಹೆಂಡತಿ ಕಿವಿಯ ಹತ್ತಿರ ಹೋಗಿ ಹೇಳಬೇಕು. ಅವರು ಉತ್ತರ ಕೊಡುವಾಗ ಅಕ್ಕ ನಡುನಡುವೆ "ಹಾಗಲ್ಲ ಅದು" ಅಂತ ತಿದ್ದಬೇಕು. ಅದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"1999ರಲ್ಲಿ ಸೇರಿದ್ದು ನಿಜ" ಅಂದರು. ವಿಶ್ವಸಂಸ್ಥೆ ಆ ವರ್ಷವನ್ನು ಅಂತಾರಾಷ್ಟ್ರೀಯ ಹಿರಿಯರ ವರ್ಷ ಅಂತ ಸಾರಿತ್ತು. ನಮ್ಮ ಕೇಂದ್ರ ಸರಕಾರವೂ ಅದೇ ವರ್ಷ ಹಿರಿಯರಿಗಾಗಿ ರಾಷ್ಟ್ರೀಯ ನೀತಿ ತಂದಿತು. ಪೇಪರಿನಲ್ಲಿ ಅದನ್ನು ಓದಿ, ರಿಟೈರ್ ಆದ ಏಳೆಂಟು ಮಂದಿ ಒಂದು ಶಾಲೆಯ ಕೋಣೆಯಲ್ಲಿ ಕೂತರಂತೆ. "ಏನು ತೀರ್ಮಾನ ಆಯಿತು ಮಾಸ್ಟ್ರೇ?" ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಚಹಾ ಕುಡಿದೆವು. ಎದ್ದೆವು." ಬೆಳ್ಳಿಹಬ್ಬ ಅಲ್ಲಿಗೆ ಮುಗಿಯಿತು.

ನಿಜವಾದ ಶುರುವಾತು ಸುಮಾರು ಹತ್ತು ವರ್ಷದ ನಂತರ. ಅಷ್ಟರಲ್ಲಿ ನಮಗಿಂತ ದಕ್ಷಿಣದ ಜಿಲ್ಲೆಗಳಿಂದ ಒಂದು ಗಾಳಿ ನಮ್ಮ ಕಡೆಗೂ ಬೀಸಿತ್ತು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರರು ನೋವು ಕಡಿಮೆ ಮಾಡುವ ಒಂದು ಸೊಸೈಟಿ ಕಟ್ಟಿದ್ದರು. 1999ರ ಸುಮಾರಿಗೆ ಮಲಪ್ಪುರಂನಲ್ಲಿ ಅದು ಡಾಕ್ಟರರ ಕೈಯಿಂದ ನೆರೆಕರೆಯವರ ಕೈಗೆ ಬಂತು. ಪಕ್ಕದ ಮನೆಯವರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗುವುದು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ನೀತಿಯನ್ನೇ ಮಾಡಿತು. ಪಂಚಾಯತಿಗೊಬ್ಬರು ನರ್ಸ್, ಒಂದು ಜೀಪು, ಮನೆ ಮನೆ ಭೇಟಿ. ಕಾಸರಗೋಡಿಗೆ ಎಲ್ಲವೂ ತಡವಾಗಿ ಬರುತ್ತದೆ, ಇದೂ ಹಾಗೆಯೇ. ಆದರೆ ಬಂದಾಗ ಎಲ್ಲರೂ ಒಟ್ಟಿಗೇ ಶುರು ಮಾಡಿದರು. ಪಂಚಾಯತಿನವರು, ಮಸೀದಿಯವರು, ದೇವಸ್ಥಾನದವರು, ಕ್ಲಬ್ಬಿನವರು. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಆಗ ನಡೆದದ್ದನ್ನು ಮಾಸ್ಟ್ರು ನಿಧಾನಕ್ಕೆ ಹೇಳಿದರು. ಅಕ್ಕ ತಿದ್ದಲಿಲ್ಲ. ಒಂದೇ ಮನೆಗೆ ಎರಡು ಆಸ್ಪತ್ರೆ ಮಂಚ ಹೋಗಿತ್ತು. ಹ್ಯಾಂಡಲ್ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದಲ್ಲ, ಅಂಥದ್ದು. ಒಂದು ಮಸೀದಿ ಕಮಿಟಿಯದ್ದು, ಇನ್ನೊಂದು ಇವರ ಟ್ರಸ್ಟಿನದ್ದು. ಎರಡನೆಯದರ ಮೇಲೆ ಮನೆಯವರು ಅಡಿಕೆ ಹರವಿದ್ದರು. ಅದೇ ವಾರ, ಅಲ್ಲಿಂದ ಎರಡು ಗುಡ್ಡೆ ಆಚೆ, ಒಬ್ಬ ಅಜ್ಜಿ ನೆಲದಲ್ಲೇ ಮಲಗಿ ಬೆನ್ನೆಲ್ಲ ಹುಣ್ಣಾಗಿ ತೀರಿಕೊಂಡರು. ಶವ ಎತ್ತುವಾಗ ಮಾಸ್ಟ್ರೂ ಇದ್ದರು, ಮಸೀದಿ ಕಮಿಟಿಯ ಹಾಜಿಯವರೂ ಇದ್ದರು. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲವಂತೆ. ಮರುದಿನ ಹಾಜಿಯವರು ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಬಂದರು. ಎಲ್ಲರ ಮಂಚಗಳಿಗೂ ಒಂದೇ ಸಾಲಿನಲ್ಲಿ ನಂಬರ್ ಹಾಕಿದರು. 1ರಿಂದ 9. ಯಾವುದು ಯಾರದ್ದು ಅಂತ ಇಲ್ಲ, ಯಾವುದು ಎಲ್ಲಿದೆ ಅಂತ ಮಾತ್ರ.

ನನ್ನನ್ನು ಕೇಳಿದರೆ ಒಕ್ಕೂಟ ಹುಟ್ಟಿದ್ದು ಆ ನೋಟ್‌ಬುಕ್ಕಿನಲ್ಲಿ. ಆದರೆ ಅದರ ಮೊದಲ ಪುಟದಲ್ಲಿ ತಾರೀಕಿಲ್ಲ. ಆಟಿ ತಿಂಗಳು, ಜೋರು ಮಳೆ ಅಂತ ಮಾಸ್ಟ್ರು. ಇಲ್ಲ, ಮಳೆ ಬಿಟ್ಟಿತ್ತು, ಓಣಂ ಹತ್ತಿರ ಅಂತ ಹಾಜಿಯವರು. ನನಗೆ ಮಾಸ್ಟ್ರ ಮಾತೇ ಸರಿ ಕಾಣುತ್ತದೆ, ಯಾಕೆಂದರೆ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಶಾಯಿ ನೀರು ಬಿದ್ದು ಹರಡಿದೆ.

ಹೊರಡುವಾಗ ಮಾಸ್ಟ್ರು ಒಂದು ಮಾತು ಸೇರಿಸಿದರು. "ಕವಿ ಕೈಯಾರರು ಇಲ್ಲೇ ಪೆರಡಾಲದಲ್ಲಿ ನೂರು ವರ್ಷ ಬದುಕಿದರು. ಕೊನೆವರೆಗೂ ಮನೆ ತುಂಬ ಜನ ಬರುತ್ತಿದ್ದರು. ನೂರು ನನಗೆ ಬೇಡ ಟೀಚರೇ. ಜನ ಬಂದರೆ ಸಾಕು." ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋದರು.

ತಾರೀಕಿಗಾಗಿ ನೋಂದಣಿಯ ದಾಖಲೆಯನ್ನೂ ನೋಡೋಣ ಅಂತ ಕಾಸರಗೋಡಿಗೆ ಹೋದೆ. ಇಲ್ಲೊಂದು ತಮಾಷೆ ಇದೆ. ತಿರುವನಂತಪುರದಲ್ಲೋ ಎರ್ನಾಕುಳದಲ್ಲೋ ಸಂಘ ಕಟ್ಟಿದರೆ ಅದು ತಿರುವಾಂಕೂರು-ಕೊಚ್ಚಿಯ 1955ರ ಕಾನೂನಿನಡಿ ಬರುತ್ತದೆ. ನಾವು ಬರುವುದು 1860ರ ಕಾನೂನಿನಡಿ, ಬ್ರಿಟಿಷರು ಮಾಡಿದ್ದು. ಯಾಕೆಂದರೆ 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ರಾಜ್ಯ ಬದಲಾಯಿತು, ಆಮೇಲೆ 1984ರಲ್ಲಿ ಜಿಲ್ಲೆಯೂ ಬೇರೆ ಆಯಿತು, ಕಾನೂನು ಮಾತ್ರ ಹಾಗೇ ಉಳಿಯಿತು. ಆ ಕಾನೂನಿನ ಮೂಲ ಪಾಠದಲ್ಲಿ ಬರೆದಿದೆ: ಯಾರು ಬೇಕಾದರೂ ಒಂದು ರೂಪಾಯಿ ಕೊಟ್ಟು ಸಂಘದ ಕಾಗದ ನೋಡಬಹುದು, ನಕಲು ಬೇಕಾದರೆ ನೂರು ಪದಕ್ಕೆ ಎರಡಾಣೆ. ನಾನು ಇದನ್ನು ಕೌಂಟರಿನಲ್ಲಿದ್ದ ಹುಡುಗನಿಗೆ ಹೇಳಿದೆ. ಅವನು ನಕ್ಕು, "ಆಣೆ ತಂದಿದ್ದೀರಾ ಟೀಚರ್?" ಅಂದ. ಒಳ್ಳೆ ಹುಡುಗ. ಎರಡು ದಿನದಲ್ಲಿ ಕಡತ ಹುಡುಕಿ ಇಟ್ಟಿದ್ದ. ದರ ಆಣೆಯದ್ದಲ್ಲ ಬಿಡಿ.

ಸಂಘ ನೋಂದಾಯಿಸಲು ಕಡಿಮೆಯೆಂದರೆ ಏಳು ಮಂದಿ ಬೇಕು. ನಮ್ಮದರಲ್ಲಿ ಸರಿಯಾಗಿ ಏಳೇ ಸಹಿ. ಮೂರು ಕನ್ನಡದಲ್ಲಿ, ಎರಡು ಮಲಯಾಳದಲ್ಲಿ, ಒಂದು ಇಂಗ್ಲಿಷಿನಲ್ಲಿ, ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ಯಾರದ್ದು ಅಂತ ನನಗೆ ಗೊತ್ತು. ಹಗಲು ಮನೆಗೆ ತನ್ನ ಜಾಗ ಬಿಟ್ಟುಕೊಟ್ಟ ಅಮ್ಮನದ್ದು. ಏಳರಲ್ಲಿ ನಾಲ್ವರು ಈಗ ಇಲ್ಲ. ವರ್ಷ 2009. ಅಂದರೆ 2024ಕ್ಕೆ ಹದಿನೈದು. ಇನ್ನೂ ಒಂದು ವಿಷಯ ಕಡತದಲ್ಲಿ ಸಿಕ್ಕಿತು. ಮಹಾಸಭೆ ಆಗಿ 14 ದಿನದೊಳಗೆ ಹೊಸ ಪದಾಧಿಕಾರಿಗಳ ಪಟ್ಟಿ ಅಲ್ಲಿ ಕೊಡಬೇಕು. ನಾವು ಆರು ವರ್ಷ ಕೊಟ್ಟಿರಲಿಲ್ಲ. ಚರಿತ್ರೆ ಬರೆಯಲು ಹೋದವಳು ಬಾಕಿ ಕಾಗದದ ಕಟ್ಟು ಹಿಡಿದುಕೊಂಡು ವಾಪಸು ಬಂದೆ. ಅದನ್ನು ಸರಿ ಮಾಡಲು ಮತ್ತೆ ಮೂರು ಸಲ ಹೋಗಬೇಕಾಯಿತು. ಆ ಕಥೆ ಬೇಡ.

ಬರೆಯಲು ಕಷ್ಟವಾದ ಪುಟ ಬೇರೆಯೇ ಇತ್ತು. ಎರಡನೇ ಮಿನಿಟ್ಸ್ ಪುಸ್ತಕದ ನಡುವೆ ಒಂದು ಜಗಳ ಇದೆ. ನಮ್ಮ ಬೈಲಾದಲ್ಲಿ '60 ವರ್ಷ ದಾಟಿದವರು' ಅಂತ ಇದೆ. ಎಣ್ಮಕಜೆ ಕಡೆಯ ಒಂದು ಘಟಕದವರು ಒಂದು ಹೆಸರು ಕಳಿಸಿದರು. ತಾಯಿಗೆ ಎಪ್ಪತ್ತು ಚಿಲ್ಲರೆ, ಮಗನಿಗೆ ಮೂವತ್ತು ದಾಟಿದೆ. ಮಗನಿಗೆ ಎದ್ದು ಕೂರಲು ಆಗುವುದಿಲ್ಲ. ಆ ಕಡೆಯ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಜಾಸ್ತಿ ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ಆಗ ಹುಟ್ಟಿದ ಮಕ್ಕಳು ಈಗ ದೊಡ್ಡವರು. ಅವರನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರು ಈಗ ಮುದುಕಿಯರು. ಹೆಸರು ಬಂದಾಗ ಒಬ್ಬರು ಕೇಳಿದರು, "ನಾವು ಮುದುಕರ ಸಂಘ ಅಲ್ವಾ? ಮಗನ ಖರ್ಚು ಹೇಗೆ ಬರೆಯುವುದು?"

ಪ್ರಶ್ನೆ ಕೆಟ್ಟದ್ದಲ್ಲ. ಆಡಿಟ್‌ಗೆ ಲೆಕ್ಕ ಕೊಡಬೇಕಾದವರು ಕೇಳಲೇಬೇಕಾದ ಪ್ರಶ್ನೆ. ಮೂರು ತಿಂಗಳು ಚರ್ಚೆ ನಡೆಯಿತು. ಕೊನೆಗೆ ಪಾಲಿಯೇಟಿವ್ ಸಿಸ್ಟರ್ ಎದ್ದು ಹೇಳಿದ್ದನ್ನು ಕಾರ್ಯದರ್ಶಿ ಹಾಗೆಯೇ ಬರೆದುಕೊಂಡಿದ್ದಾರೆ, ಮಲಯಾಳದಲ್ಲಿ. ಹುಡುಗಿ ಓದುತ್ತಾ ಓದುತ್ತಾ ನಿಲ್ಲಿಸಿದಳು. ಸಿಸ್ಟರ್ ಹೇಳಿದ್ದು ಇಷ್ಟು: ನಾನು ಬಿ.ಪಿ. ನೋಡಲು ಹೋದರೆ ಆ ಅಮ್ಮ ಕೈ ಚಾಚುವುದೇ ಇಲ್ಲ, ಮೊದಲು ಅವನದ್ದು ನೋಡಿ ಅನ್ನುತ್ತಾರೆ, ನಾನು ಹೋದ ಮೇಲೆ ಇವನಿಗೆ ಯಾರು ಅಂತ ಕೇಳುತ್ತಾರೆ, ಇದಕ್ಕೆ ಯಾವ ಮಾತ್ರೆ ಕೊಡಲಿ? ಆ ದಿನದ ತೀರ್ಮಾನ ಒಂದೇ ಸಾಲು. "ತಾಯಿಯ ಹೆಸರಿನಲ್ಲಿ ಇಬ್ಬರಿಗೂ."

ಸಂಚಿಕೆಯಲ್ಲಿ ಆ ಸಾಲು ದಪ್ಪ ಅಕ್ಷರದಲ್ಲಿ ಬರಬೇಕು ಅಂತ ನಾನು ಹಠ ಹಿಡಿದೆ. ಬಂತು. ಆದರೆ ಅಮ್ಮ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಇವತ್ತಿಗೂ ಉತ್ತರ ಇಲ್ಲ. 2007ರ ಹಿರಿಯರ ಕಾನೂನು ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಮುಂದಿನ ಟ್ರಿಬ್ಯೂನಲ್‌ಗೆ ಹೋಗಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನಮ್ಮ ಒಕ್ಕೂಟ ಅಂಥ ಅರ್ಜಿಗಳನ್ನು ಬರೆದುಕೊಟ್ಟಿದೆ. ಅರ್ಜಿ ಬರೆಸಿಕೊಂಡ ಅಜ್ಜಂದಿರಲ್ಲಿ ಅರ್ಧಕ್ಕರ್ಧ ಮಂದಿ ಮರುದಿನ ಬಂದು "ಬೇಡ ಟೀಚರೇ, ಹರಿದು ಹಾಕಿ, ಮಗನ ಹೆಸರು ಕಚೇರಿಯಲ್ಲಿ ಬೇಡ" ಅಂದಿದ್ದಾರೆ. ಆದರೆ ಹೆತ್ತವರು ಹೋದ ಮೇಲೆ ಮಗುವಿನ ಗತಿ ಏನು ಅಂತ ಕೇಳುವವರಿಗೆ ಆ ಕಾನೂನು ಉಪಯೋಗಕ್ಕಿಲ್ಲ. ಕಾನೂನು ಮಾಡುವವರು ಎಣ್ಮಕಜೆಯನ್ನು ನೋಡಿರಲಿಲ್ಲ, ಅಷ್ಟೇ.

ಕೊರೋನಾದ ಪುಟಗಳನ್ನು ನಾನು ಸುಮ್ನೆ ಬೇಗ ಮುಗಿಸೋಣ ಅಂದುಕೊಂಡಿದ್ದೆ. ಆಗಲಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯ ದಾರಿ ಬಂದ್ ಆಯಿತು. ಒಳದಾರಿಗಳಿಗೆ ಮಣ್ಣು ಸುರಿದರು. ನಮ್ಮವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ಕಾಸರಗೋಡಿನಿಂದ 50 ಕಿಲೋಮೀಟರ್, ಮಂಜೇಶ್ವರದಿಂದ ಇನ್ನೂ ಹತ್ತಿರ. ನಮ್ಮದೇ ರಾಜಧಾನಿ 550 ಕಿಲೋಮೀಟರಿಗಿಂತ ದೂರ. ಡಯಾಲಿಸಿಸ್‌ನವರು, ಹೃದಯದ ಔಷಧದವರು, ಎಲ್ಲರೂ ಈ ಕಡೆ ಸಿಕ್ಕಿಕೊಂಡರು. ಗಡಿ ದಾಟಲಾಗದೆ ಜನ ಸತ್ತರು. ಏಪ್ರಿಲ್ ಒಂದಕ್ಕೆ ಕೇರಳ ಹೈಕೋರ್ಟ್ ದಾರಿ ತೆರೆಯಲು ಹೇಳಿತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಇದೆಲ್ಲ ಪೇಪರಿನಲ್ಲಿ ಬಂದದ್ದೇ.

ಪೇಪರಿನಲ್ಲಿ ಬಾರದ್ದು ಹಾಜಿಯವರ ನೋಟ್‌ಬುಕ್ಕಿನಲ್ಲಿದೆ. ಆ ಎರಡು ತಿಂಗಳು ಮಂಚದ ನೋಟ್‌ಬುಕ್ಕೇ ಔಷಧದ ನೋಟ್‌ಬುಕ್ ಆಗಿತ್ತು. ಎಡಕ್ಕೆ ಹೆಸರು, ನಡುವೆ ಮಾತ್ರೆ, ಬಲಕ್ಕೆ "ಇನ್ನು ಎಷ್ಟು ದಿನಕ್ಕೆ ಇದೆ". 4 ದಿನ. 2 ದಿನ. "ಇವತ್ತು ರಾತ್ರಿವರೆಗೆ." ಮಾತ್ರೆಗಳ ಹೆಸರನ್ನು ಕನ್ನಡದಲ್ಲಿ ಕೇಳಿಸಿದ ಹಾಗೆ ಬರೆದಿದ್ದಾರೆ. ಅದನ್ನು ಓದಿ ಮೆಡಿಕಲ್‌ನವರು ಊಹೆ ಮಾಡಿಕೊಳ್ಳಬೇಕು. ಕಾಸರಗೋಡಿನಲ್ಲಿ ಸಿಗದ ಮಾತ್ರೆಗಳನ್ನು ದೂರದ ಜಿಲ್ಲೆಗಳಿಂದ ಅಗ್ನಿಶಾಮಕ ದಳದವರು ಗಾಡಿಯಿಂದ ಗಾಡಿಗೆ ದಾಟಿಸಿ ತಂದುಕೊಟ್ಟರು. ಒಬ್ಬ ಅಜ್ಜ ಕೆಂಪು ಗಾಡಿ ನೋಡಿ ಹೆದರಿ, "ನಮ್ಮಲ್ಲಿ ಬೆಂಕಿ ಬಿದ್ದಿಲ್ಲ" ಅಂತ ಒಳಗಿನಿಂದಲೇ ಕೂಗಿದ್ದರಂತೆ. ಆ ತಿಂಗಳುಗಳ ಮಿನಿಟ್ಸ್ ಇಲ್ಲವೇ ಇಲ್ಲ. ಮೀಟಿಂಗ್ ನಡೆದಿರಲಿಲ್ಲ.

ಎಂಟು ಪುಟ ಹೋಗಿ ಇಪ್ಪತ್ತಮೂರಾಯಿತು. ಅಧ್ಯಕ್ಷರು ಓದಿದರು. ಮೊದಲು 2011ರ ಜನಗಣತಿಯ ಲೆಕ್ಕ ಹಾಕಿ ಅಂದರು. ಕೇರಳದಲ್ಲಿ ನೂರಕ್ಕೆ 12.6 ಮಂದಿ 60 ದಾಟಿದವರು, ಇಡೀ ದೇಶದಲ್ಲಿ 8.6. ಹಾಕಿದೆ, ಅದು ನ್ಯಾಯವೇ. ಆಮೇಲೆ ಗಣ್ಯರ ಫೋಟೋಗಳಿಗೆ ಆರು ಪುಟ ಬೇಕು ಅಂದರು. ಕಮಿಟಿಯಲ್ಲಿ ಎಳೆದಾಡಿ ಮೂರಕ್ಕೆ ಇಳಿಯಿತು. ನನ್ನದು ಹದಿನಾಲ್ಕಕ್ಕೆ ಇಳಿಯಿತು. ಪೆನ್ಶನ್ ಮಸ್ಟರಿಂಗ್‌ನ ಪುಟ ಪೂರ್ತಿ ಹೋಯಿತು. ನನಗೆ ಬೇಜಾರಾದದ್ದು ಅದಕ್ಕೆ. ಬದುಕಿದ್ದೇವೆ ಅಂತ ಅಕ್ಷಯ ಕೇಂದ್ರದ (ಸರಕಾರಿ ಸೇವೆಗಳ ಕೇಂದ್ರ) ಯಂತ್ರದ ಮೇಲೆ ಬೆರಳೊತ್ತಬೇಕು, ಆಮೇಲೆ ಪೆನ್ಶನ್, 2024ರಲ್ಲಿ ಅದು 1,600 ರೂಪಾಯಿ ಇತ್ತು. ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಒಬ್ಬಾಕೆ ಬೆರಳನ್ನು ಸೆರಗಿಗೆ ಒರೆಸಿ, ಊದಿ, ಮತ್ತೆ ಒತ್ತಿ, ಹತ್ತೂ ಬೆರಳು ಮುಗಿಸಿ ನಮ್ಮ ಕಡೆ ತಿರುಗಿ "ಇನ್ನು ಕಾಲಿನದ್ದು ಆಗುತ್ತದಾ?" ಅಂದಿದ್ದರು. ಆ ಸಾಲು ಸಂಚಿಕೆಯಲ್ಲಿಲ್ಲ, ಇಲ್ಲಾದರೂ ಇರಲಿ.

ಪ್ರೂಫ್ ಬಂದಾಗ 'ಹಿರಿಯರ ಕಲ್ಯಾಣ' ಅಂತ ನಾನು ಬರೆದಲ್ಲೆಲ್ಲ ಡಿಟಿಪಿ ಹುಡುಗ 'ಹಿರಿಯರ ಕಲ್ಯಾಣ ಮಂಟಪ' ಅಂತ ಹಾಕಿದ್ದ. ಹನ್ನೆರಡು ಕಡೆ. ಹನ್ನೊಂದು ತಿದ್ದಿದೆ.

ಮುಖಪುಟದಲ್ಲಿ ಅಧ್ಯಕ್ಷರ ಮಾತೇ ನಡೆಯಿತು. ದೊಡ್ಡ ಬೆಳ್ಳಿ ಬಣ್ಣದಲ್ಲಿ '25'. ಒಳಗೆ ಎರಡನೇ ಪುಟದಲ್ಲಿ ನಾನು ಬರೆದದ್ದು ಹಾಗೇ ಇದೆ: 1999ರಲ್ಲಿ ಚಹಾ, 2009ರಲ್ಲಿ ನೋಂದಣಿ, ನಡುವೆ ತಾರೀಕಿಲ್ಲದ ಒಂದು ನೋಟ್‌ಬುಕ್. ಬಿಡುಗಡೆಯ ದಿನ ಯಾರೂ ಏನೂ ಹೇಳಲಿಲ್ಲ. ಶಾಲು ಹೊದೆಸಿದರು, ಫೋಟೋ ತೆಗೆದರು. ಊಟದ ಸಾಲಿನಲ್ಲಿ ಹಾಜಿಯವರು ಮಾತ್ರ ಹತ್ತಿರ ಬಂದು, "ಟೀಚರೇ, ಹೊರಗೆ ಇಪ್ಪತ್ತೈದು, ಒಳಗೆ ಹದಿನೈದು. ಹತ್ತು ವರ್ಷ ಎಲ್ಲಿ ಬಿದ್ದುಹೋಯಿತು?" ಅಂದರು.

ಗಾಡಿಯ ಮುಂಗಡಕ್ಕೆ ಹಣ ಸಾಲಲಿಲ್ಲ. ಮಿನಿಟ್ಸ್ ಪುಸ್ತಕಗಳನ್ನು ಕಪಾಟಿನಲ್ಲಿ ವಾಪಸು ಇಡಲು ಹೋದಾಗ ಸಿಸ್ಟರ್ ಜೊತೆಗಿದ್ದರು. ಬದಿಗಿಟ್ಟಿದ್ದ ಆ Z ಆಕಾರದ ಹ್ಯಾಂಡಲನ್ನು ತೋರಿಸಿದೆ. ಮೂರನೇ ನಂಬರಿನ ಮಂಚ ಆ ವಾರ ಕೋಣೆಯಲ್ಲೇ ಇತ್ತು, ಗೋಡೆಗೆ ಒರಗಿಸಿ. ಬೆಳ್ಳೂರಿನಿಂದ ಬಂದು ಯಾವ ಕಾಲವಾಯಿತೋ. ನಾನೇ ಬಗ್ಗಿ ಹ್ಯಾಂಡಲ್ ಸಿಕ್ಕಿಸಿ ನೋಡಿದೆ. ಹೋಗಲಿಲ್ಲ. ಸಿಸ್ಟರ್ ಕೈಗೆ ತೆಗೆದುಕೊಂಡು ತುದಿಯನ್ನು ಬೆರಳಿನಿಂದ ಒರೆಸಿ ನೋಡಿದರು. ತುಕ್ಕಿನ ಕೆಳಗೆ ಮಾಸಿದ ಪೇಂಟಿನಲ್ಲಿ ಒಂದು ನಂಬರ್.

"ಇದು ಏಳರದ್ದು ಟೀಚರ್. ಏಳು ಈಗ ಪೆರ್ಲದಲ್ಲಿದೆ. ಅವರು ತಲೆ ಕಡೆ ಎರಡು ಕಲ್ಲಿಟ್ಟು ಎತ್ತರ ಮಾಡಿಕೊಂಡಿದ್ದಾರೆ."

ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸೋಮವಾರ ಆ ಕಡೆ ಜೀಪು ಹೋಗುವುದಿತ್ತು.